ಗಡಿಯಾರಕ್ಕೂ ಮೊದಲೇ ಮುಗಿಯುವ ವ್ಯಾಪಾರ

ಪ್ರಶ್ನೆ: ಜುಲೈ 1ರ ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫ್ರೀ ಏಜೆನ್ಸಿ (ಕರಾರು ಮುಗಿದ ಆಟಗಾರರು ತಂಡ ಹುಡುಕುವ ಕಾಲ) ಸುದ್ದಿ ನೋಡುತ್ತೇನೆ. ಮಾತುಕತೆಗೆ ಬಾಗಿಲು ತೆರೆಯುವುದು ನಮ್ಮ 3.30ಕ್ಕೆ. ಐದೇ ನಿಮಿಷದಲ್ಲಿ ನಾಲ್ಕು ವರ್ಷದ ಒಪ್ಪಂದ ಕುದುರಿತು ಅನ್ನುತ್ತಾರೆ. ಇದು ಹೇಗೆ ಸಾಧ್ಯ?
— ಓದುಗರು, ಮಲ್ಲೇಶ್ವರ

ಉತ್ತರ: ಮೊದಲೇ ಮಾತಾಡಿಕೊಂಡಿದ್ದರೆ ಮಾತ್ರ ಸಾಧ್ಯ. ಬೇರೆ ತಂಡದ ಆಟಗಾರನನ್ನು, ಅಥವಾ ಅವನ ಏಜೆಂಟನ್ನು, ಅಲ್ಲಿನ ಜೂನ್ 30ರ ಸಂಜೆ 6 ಗಂಟೆಗೆ ಮುಂಚೆ ಸೆಳೆಯಲು ಹೊರಟರೆ ಅದೇ ಟ್ಯಾಂಪರಿಂಗ್. ಬೇಗ ಸಿಕ್ಕಿಬೀಳುವುದು ಸೈನ್ ಅಂಡ್ ಟ್ರೇಡ್ ಪ್ರಕರಣಗಳು, ಅಂದರೆ ಹಳೇ ತಂಡವೇ ಆಟಗಾರನ ಜೊತೆ ಹೊಸ ಒಪ್ಪಂದ ಮಾಡಿ ಕೂಡಲೇ ಬೇರೆ ತಂಡಕ್ಕೆ ಕೊಡುವುದು. ಅಲ್ಲಿ ಆಟಗಾರ ಒಪ್ಪಬೇಕು, ಎರಡೂ ತಂಡ ಒಪ್ಪಬೇಕು, ಸಂಬಳದ ಲೆಕ್ಕ ಕೂಡಬೇಕು. 2021ರಲ್ಲಿ ಶಿಕಾಗೊ ಬುಲ್ಸ್ ಲೊಂಜೊ ಬಾಲ್‌ನನ್ನು, ಮಯಾಮಿ ಹೀಟ್ ಕೈಲ್ ಲೌರಿಯನ್ನು ಹೀಗೆ ಪಡೆದವು. ತನಿಖೆ ನಡೆದು ಎರಡೂ ತಂಡ ಒಂದೊಂದು ಸೆಕೆಂಡ್ ರೌಂಡ್ ಪಿಕ್ (ಹೊಸ ಆಟಗಾರರನ್ನು ಆರಿಸುವ ವಾರ್ಷಿಕ ಡ್ರಾಫ್ಟ್‌ನ ಎರಡನೇ ಸುತ್ತಿನ ಸರದಿ) ಕಳೆದುಕೊಂಡವು. ಆಟಗಾರರು ಮಾತ್ರ ಹೊಸ ತಂಡದಲ್ಲೇ ಉಳಿದರು.

ಪ್ರಶ್ನೆ: ಇಷ್ಟೇ ಶಿಕ್ಷೆಯಾದರೆ ನಿಯಮ ಯಾಕೆ? ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಏನು ಸಿಗುತ್ತದೆ?
— ಓದುಗರು, ಬಸವನಗುಡಿ

ಉತ್ತರ: ಏನೂ ಸಿಗುವುದಿಲ್ಲ. ಕಿತ್ತುಕೊಂಡ ಪಿಕ್ ನೊಂದ ತಂಡಕ್ಕೆ ಹೋಗುವುದಿಲ್ಲ, ಹಾಗೇ ರದ್ದಾಗುತ್ತದೆ. 2022, 2023ರ ಡ್ರಾಫ್ಟ್‌ಗಳಲ್ಲಿ 60ರ ಬದಲು 58 ಹೆಸರಷ್ಟೇ ಕೂಗಿದ್ದು ಇದಕ್ಕೇ. 2022ರಲ್ಲಿ ಜೇಲನ್ ಬ್ರನ್ಸನ್ ಡಲ್ಲಾಸ್ ಬಿಟ್ಟು ಸುಮಾರು 10.4 ಕೋಟಿ ಡಾಲರ್‌ಗೆ ನ್ಯೂಯಾರ್ಕ್ ನಿಕ್ಸ್ ಸೇರಿದ. ನಿಕ್ಸ್ ತೆತ್ತ ದಂಡ 2025ರ ಒಂದು ಸೆಕೆಂಡ್ ರೌಂಡ್ ಪಿಕ್. ಅಂಥ ಆಟಗಾರನಿಗೆ ಈ ಬೆಲೆಯಾದರೆ ಯಾವ ಮ್ಯಾನೇಜರ್ ಹಿಂದೆಮುಂದೆ ನೋಡುತ್ತಾನೆ? ನಿಜವಾಗಿ ಪೆಟ್ಟು ತಿಂದದ್ದು ಮಿಲ್ವಾಕಿ: 2020ರಲ್ಲಿ ಬೊಗ್ದಾನ್ ಬೊಗ್ದಾನೊವಿಚ್ ಜೊತೆಗಿನ ಮಾತು ಮುಂಚೆಯೇ ಹೊರಬಿದ್ದು ಒಪ್ಪಂದ ಮುರಿಯಿತು, 2022ರ ಪಿಕ್ ಕೂಡ ಹೋಯಿತು.

2019ರಲ್ಲಿ ನಿಯಮ ಬಿಗಿ ಮಾಡಿದ್ದು ಹೌದು. ತಂಡಕ್ಕೆ 1 ಕೋಟಿ ಡಾಲರ್‌ವರೆಗೆ ದಂಡ, ವರ್ಷಕ್ಕೆ ಐದು ತಂಡಗಳ ಸಂದೇಶಗಳ ಮೇಲೆ ಲಾಟರಿ ಎತ್ತಿದಂತೆ ತಪಾಸಣೆ. ಆದರೆ ಸಾಕ್ಷಿ ಜಾರಿಹೋಗುವುದು ಬೇರೆ ಕಡೆ. ಒಬ್ಬ ಏಜೆಂಟ್‌ಗೆ ಹಲವು ಆಟಗಾರರು. ತಂಡದಲ್ಲಿ ಈಗಾಗಲೇ ಇರುವ ಒಬ್ಬನ ಬಗ್ಗೆ ಕರೆ ಮಾಡುವುದು ಪೂರ್ತಿ ಕಾನೂನುಬದ್ಧ. ಅದೇ ಕರೆಯಲ್ಲಿ ಇನ್ನೊಬ್ಬನ ಹೆಸರು ನುಸುಳಿದರೆ ಹಿಡಿಯುವವರು ಯಾರು? ಮೇ ತಿಂಗಳ ಡ್ರಾಫ್ಟ್ ಕಂಬೈನ್‌ಗೆ (ಡ್ರಾಫ್ಟ್‌ಗೆ ಮುಂಚೆ ಹೊಸ ಆಟಗಾರರನ್ನು ಪರೀಕ್ಷಿಸುವ ಶಿಬಿರ) ಮ್ಯಾನೇಜರ್‌ಗಳೂ ಏಜೆಂಟರೂ ಶಿಕಾಗೊದಲ್ಲೇ ಸೇರಿರುತ್ತಾರೆ, ಬಾಯಿಮಾತಿಗೆ ದಾಖಲೆ ಉಳಿಯುವುದಿಲ್ಲ.

ಕಠಿಣ ಶಿಕ್ಷೆ ಎಂದರೇನು ಎಂದು ಎನ್‌ಬಿಎಗೆ ಗೊತ್ತು. 2000ದಲ್ಲಿ ಜೋ ಸ್ಮಿತ್ ಜೊತೆಗಿನ ಗುಟ್ಟಿನ ಕರಾರಿಗೆ ಮಿನೆಸೋಟದಿಂದ ಐದು ಫಸ್ಟ್ ರೌಂಡ್ ಪಿಕ್ ಕಿತ್ತುಕೊಂಡಿತು (ಕೆಲವನ್ನು ಆಮೇಲೆ ಮರಳಿಸಿತು), ಕರಾರನ್ನೂ ರದ್ದುಮಾಡಿತು. ಟ್ಯಾಂಪರಿಂಗ್‌ನಲ್ಲಿ ಕರಾರು ರದ್ದು ಮಾಡಿದರೆ ಆಟಗಾರನ ಬದುಕಿಗೇ ಏಟು, ಅದು ಬೇಡ. ತಪ್ಪಿತಸ್ಥ ತಂಡದ ಫಸ್ಟ್ ರೌಂಡ್ ಪಿಕ್ ಅನ್ನು ನೊಂದ ತಂಡಕ್ಕೇ ಕೊಡಿಸಬೇಕು. 2024ರಿಂದ ಒಂದು ಒಳ್ಳೆಯ ಬದಲಾವಣೆ ಬಂದಿದೆ: ಫೈನಲ್ಸ್ ಮುಗಿದ ಮರುದಿನದಿಂದಲೇ ತಂಡಗಳು ತಮ್ಮದೇ ಫ್ರೀ ಏಜೆಂಟರ ಜೊತೆ ಮಾತಾಡಬಹುದು.

ಪ್ರಶ್ನೆ: ಆಟಗಾರರೇ ತಮ್ಮತಮ್ಮಲ್ಲಿ 'ನಮ್ಮ ತಂಡಕ್ಕೆ ಬಾ' ಅಂದರೆ?
— ಓದುಗರು, ಜಯನಗರ

ಉತ್ತರ: ಗೆಳೆಯರ ಮಾತನ್ನು ಯಾರೂ ಬೆನ್ನಟ್ಟುವುದಿಲ್ಲ. ತಂಡದ ಆಡಳಿತವೇ ಹೇಳಿಸಿದೆ ಎಂದು ಗೊತ್ತಾದರೆ ಮಾತ್ರ ಅದು ತಪ್ಪು.