ಮೂರು ಸಲ ನೋಡಿದರೆ ಮೂರು ಬಿಪಿ, ಯಾವುದನ್ನು ನಂಬೋದು?

ನೀವು ಕೇಳಿದ್ದು ಇಷ್ಟು: ಬೆಳಿಗ್ಗೆ ಹತ್ತು ನಿಮಿಷದೊಳಗೆ ಮೂರು ಸಲ ನೋಡಿದಾಗ 148/92, 139/88, 133/86 ಬಂತು. ಮಷೀನ್ ಕೆಟ್ಟಿದೆಯಾ? ಇವುಗಳಲ್ಲಿ ನಿಜವಾದ ಬಿಪಿ ಯಾವುದು? ಮಾತ್ರೆ ಜಾಸ್ತಿ ಮಾಡಿಕೊಳ್ಳಬೇಕಾ?

ಮಷೀನ್ ಬಹುಶಃ ಸರಿಯಾಗಿಯೇ ಇದೆ. ನಾನು ಡಾಕ್ಟರ್ ಅಲ್ಲ, ಬಿಪಿ ಮಾತ್ರೆ ತೆಗೆದುಕೊಳ್ಳುವವನು. ಮನೆಯಲ್ಲಿ ಮಾವನವರ ಬಿಪಿ ನೋಡುವ ಕೆಲಸವೂ ನನ್ನದೇ. ಮೊದಲ ರೀಡಿಂಗ್ ಜಾಸ್ತಿ ಬಂದು ಆಮೇಲೆ ಇಳಿಯೋದು ತೀರಾ ಮಾಮೂಲಿ. ಬಿಪಿ ನೋಡೋದು ಎತ್ತರ ಅಳೆದ ಹಾಗಲ್ಲ. ಉಸಿರು, ಮಾತು, ಚಳಿ, ಗಾಬರಿ, ಮೂತ್ರ ತಡೆದುಕೊಂಡಿರೋದು, ಎಲ್ಲಕ್ಕೂ ಅದು ಏರುಪೇರಾಗುತ್ತದೆ. ಪಟ್ಟಿ ಬಿಗಿಯುತ್ತಿದ್ದಂತೆ ‘ಎಷ್ಟು ಬರುತ್ತೋ’ ಅನ್ನೋ ಆತಂಕವೇ ಮೊದಲ ಸಂಖ್ಯೆಯನ್ನು ಮೇಲಕ್ಕೆ ತಳ್ಳಬಹುದು. ಹಾಗಾಗಿ ನಿಮ್ಮ ಮೂರೂ ಆಯಾ ಕ್ಷಣಕ್ಕೆ ನಿಜವೇ. ಆದರೆ ಅವುಗಳಲ್ಲಿ ಯಾವುದೊಂದನ್ನೂ ‘ನನ್ನ ಬಿಪಿ’ ಅಂತ ಹೇಳೋಕಾಗಲ್ಲ. ಕೆಲವು ದಿನ ಒಂದೇ ರೀತಿಯಲ್ಲಿ ನೋಡಿ ತೆಗೆದ ಸರಾಸರಿಗೆ ಮಾತ್ರ ಬೆಲೆ.

ನಮ್ಮ ಮಾವನವರದು ಬೇರೆಯೇ ಲೆಕ್ಕ. ಒಳ್ಳೇ ಸಂಖ್ಯೆ ಬರುವವರೆಗೂ ಬಟನ್ ಒತ್ತುತ್ತಲೇ ಇರುತ್ತಾರೆ, ಬಂದ ಮೇಲೆ ಅದೊಂದನ್ನೇ ಪುಸ್ತಕದಲ್ಲಿ ಬರೆಯುತ್ತಾರೆ. ಪುಸ್ತಕ ನೋಡಿದರೆ ಇಪ್ಪತ್ತೈದರ ಹುಡುಗನ ಬಿಪಿ! ಮಷೀನಿನ ಮೆಮೊರಿ ತೆಗೆದರೆ ನಿಜ ಗೊತ್ತಾಗುತ್ತದೆ. ಬೇಡದ್ದನ್ನು ಬಿಟ್ಟು ಬರೆಯುವುದಾದರೆ ನೋಡುವುದೇ ದಂಡ ಅಲ್ವಾ?

ಸರಿಯಾಗಿ ನೋಡುವ ಕ್ರಮ ಹೀಗೆ. ಬೆಳಿಗ್ಗೆ ಮಾತ್ರೆ, ತಿಂಡಿಗೆ ಮೊದಲು ಎರಡು ಸಲ, ಸಂಜೆ ಅಥವಾ ರಾತ್ರಿ ಎರಡು ಸಲ. ಎರಡರ ನಡುವೆ ಒಂದು ನಿಮಿಷ ಬಿಡಿ. ಏಳು ದಿನ ಹೀಗೆ ಮಾಡಿ, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮೇಲಿನ ಸಂಖ್ಯೆಗಳದ್ದು ಬೇರೆ, ಕೆಳಗಿನವುಗಳದ್ದು ಬೇರೆ. ಮೇಲಿನದು ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಎರಡು ಬಡಿತಗಳ ನಡುವೆ ಅದು ಸಡಿಲವಾದಾಗಿನದು.

ನೋಡುವ ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ನೆ ಕೂರಿ. ಸುಮ್ನೆ ಅಂದರೆ ಮೊಬೈಲೂ ಇಲ್ಲದೆ.

ಜಾಸ್ತಿ ಜನ ಎಡವೋದು ಕೈಯ ವಿಷಯದಲ್ಲಿ. ಪಟ್ಟಿ ಬರಿ ತೋಳಿನ ಮೇಲೆ ಇರಬೇಕು, ಅಂಗಿ ತೋಳಿನ ಮೇಲಲ್ಲ. ಮೊಣಕೈ ಮಡಿಕೆಯಿಂದ ಎರಡು ಬೆರಳಷ್ಟು ಮೇಲೆ ಕಟ್ಟಿ. ಪಟ್ಟಿಯ ಮಧ್ಯಭಾಗ ಹೃದಯದ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲೆ ಇಡಿ. ಅದು ಹೃದಯಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ರೀಡಿಂಗ್ ಸುಮಾರು 7–8 ಜಾಸ್ತಿ ತೋರಿಸುತ್ತದೆ. ಕೈಯನ್ನು ತೊಡೆ ಮೇಲೆ ಇಟ್ಟುಕೊಂಡು ನೋಡಿ ಗಾಬರಿಯಾದವರು ಎಷ್ಟೋ ಜನ. ತೋಳು ದಪ್ಪಗಿದ್ದು ಪಟ್ಟಿ ಚಿಕ್ಕದಾದರೂ ಸಂಖ್ಯೆ ಏರುತ್ತದೆ, ದೊಡ್ಡದಾದರೆ ಇಳಿಯುತ್ತದೆ. ತೋಳಿನ ಸುತ್ತಳತೆ ನೋಡಿಯೇ ಪಟ್ಟಿ ತೆಗೆದುಕೊಳ್ಳಿ. ಮಷೀನ್ ಓಡುವಾಗ ಮಾತಾಡಬೇಡಿ, ಕೈ ಅಲುಗಿಸಬೇಡಿ. ರಕ್ತನಾಳದ ಮಿಡಿತದಿಂದ ಪಟ್ಟಿಯಲ್ಲಿ ಉಂಟಾಗುವ ಸಣ್ಣ ಅಲುಗಾಟ ಹಿಡಿದೇ ಅದು ಬಿಪಿ ಲೆಕ್ಕ ಹಾಕುತ್ತದೆ, ಕೈ ಅಲುಗಿದರೆ ಲೆಕ್ಕ ಕೆಡುತ್ತದೆ. ಶುರುವಿನಲ್ಲಿ ಎರಡೂ ಕೈಯಲ್ಲಿ ನೋಡಿ, ಯಾವುದರಲ್ಲಿ ಯಾವಾಗಲೂ ಜಾಸ್ತಿ ಬರುತ್ತದೋ ಮುಂದೆ ಅದರಲ್ಲೇ ನೋಡುತ್ತಾ ಹೋಗಿ.

ಇನ್ನು ಅರ್ಥ. ಮನೆಯ ಸರಾಸರಿ 135/85 ಅಥವಾ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ. ಕ್ಲಿನಿಕ್ಕಿನ 140/90ಕ್ಕೆ ಇದು ಸಮ. ಅಮೆರಿಕದ 2017ರ ಮಾರ್ಗಸೂಚಿ 130/80ನ್ನೇ ಗೆರೆ ಮಾಡಿಕೊಂಡಿದೆ. ಆದ್ದರಿಂದ ನಿಮ್ಮ ಗುರಿ ಎಷ್ಟು ಅಂತ ಡಾಕ್ಟರನ್ನೇ ಕೇಳಿ. ವಯಸ್ಸು, ಸಕ್ಕರೆ ಕಾಯಿಲೆ, ಕಿಡ್ನಿ ನೋಡಿ ಅವರು ಹೇಳುತ್ತಾರೆ. ನಿಮ್ಮ ಕೊನೆಯ ಎರಡರ ಸರಾಸರಿ 136/87, ಗೆರೆಯಿಂದ ಕೂದಲೆಳೆಯಷ್ಟು ಮೇಲೆ. ಒಂದು ಬೆಳಗಿನ ಲೆಕ್ಕ ನೋಡಿ ಮಾತ್ರೆ ಮುಟ್ಟಬೇಡಿ, ಹೆಚ್ಚಿಸೋಕೂ ಬೇಡ, ನಿಲ್ಲಿಸೋಕೂ ಬೇಡ. ಕೆಲವರಿಗೆ ಕ್ಲಿನಿಕ್ಕಿನಲ್ಲಿ ಮಾತ್ರ ಏರುತ್ತದೆ. ಇನ್ನು ಕೆಲವರಿಗೆ ಅಲ್ಲಿ ಸರಿಯಿದ್ದು ಮನೆಯಲ್ಲಿ ಜಾಸ್ತಿ ಇರುತ್ತದೆ. ಎರಡನೆಯವರೇ ಹೆಚ್ಚು ಹುಷಾರಾಗಿರಬೇಕು, ಅವರ ತೊಂದರೆ ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಬೀಳಲ್ಲ.

ಸರಾಸರಿಗೆ ಕಾಯದೇ ಓಡಬೇಕಾದ ಸಂದರ್ಭವೂ ಇದೆ. 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ದಿಢೀರ್ ಕಣ್ಣು ಮಂಜಾಗುವುದು ಇದ್ದರೆ ತಕ್ಷಣ ಆಸ್ಪತ್ರೆಗೆ. ಇಂಥ ಲಕ್ಷಣಗಳಿದ್ದಾಗ ಬಿಪಿ ಎಷ್ಟೇ ಇರಲಿ, ಕಾಯಬೇಡಿ. ಲಕ್ಷಣ ಯಾವುದೂ ಇಲ್ಲದಿದ್ದರೆ ಕೆಲವು ನಿಮಿಷ ಶಾಂತವಾಗಿ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ ಅದನ್ನೂ ಹೇಳಿ.

ಮಷೀನ್ ಬಗ್ಗೆ ಅನುಮಾನ ಹೋಗದಿದ್ದರೆ ಮುಂದಿನ ಸಲ ಅದನ್ನೂ ಕ್ಲಿನಿಕ್ಕಿಗೆ ಒಯ್ದು, ಅಲ್ಲಿನದರ ಜೊತೆ ಹೋಲಿಸಿ ನೋಡಿ. ಅವರೆದುರು ಪಟ್ಟಿಯನ್ನು ನೀವೇ ಕಟ್ಟಿಕೊಳ್ಳಿ. ಕಟ್ಟುವುದರಲ್ಲಿ ಹೆಚ್ಚುಕಮ್ಮಿ ಇದ್ದರೆ ಅಲ್ಲೇ ತಿದ್ದುತ್ತಾರೆ.