ಹಳೆಯ ವಿಕ್ಟೋರಿಯನ್ ಮನೆಯ ಫೈರ್‌ಪ್ಲೇಸ್ ಬಾಯಿ ಅಗಲ ಮಾಡಿಸಬಹುದಾ?

ಇಂಗ್ಲೆಂಡಿನಲ್ಲಿ ಹಳೆಯ ಟೆರೇಸ್ ಮನೆ (ಒಂದಕ್ಕೊಂದು ಅಂಟಿಕೊಂಡ ಸಾಲು ಮನೆ) ಕೊಂಡಿದ್ದೀರಿ, ಹಾಲ್‌ನ ಫೈರ್‌ಪ್ಲೇಸ್ ಬಾಯಿ ಚಿಕ್ಕದು, ಅಲ್ಲಿ ಸೌದೆ ಸ್ಟೋವ್ (ಬಾಗಿಲಿರುವ ಮುಚ್ಚಿದ ಒಲೆ) ಕೂರಿಸಬೇಕು, ಬಿಲ್ಡರ್ ನೋಡಿದರೆ ಎರಡೂ ಕಡೆ ಒಂದೊಂದು ಇಟ್ಟಿಗೆ ಕತ್ತರಿಸಿದರೆ ಆಯ್ತು ಅಂತಾನೆ, ಸರೀನಾ ಅಂತ ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಕತ್ತರಿಸಲು ಬಿಡಬೇಡಿ. ಮೊದಲು ಬಿಚ್ಚಿಸಿ ನೋಡಿ.

ನಿಮಗೆ ಈಗ ಕಾಣುತ್ತಿರುವುದು ಬಹುಶಃ ನಿಜವಾದ ಬಾಯಿಯೇ ಅಲ್ಲ. ಆ ಕಾಲದಲ್ಲಿ ಗೋಡೆ ಕಟ್ಟುವಾಗ ದೊಡ್ಡ ಗೂಡು ಬಿಟ್ಟು, ಆಮೇಲೆ ಎರಕದ ಕಬ್ಬಿಣದ ಚೌಕಟ್ಟು ಕೂರಿಸಿ, ಹಿಂದಿನ ಸಂದಿಗೆಲ್ಲ ಇಟ್ಟಿಗೆ ಚೂರು, ಗಾರೆ ತುಂಬುತ್ತಿದ್ದರು. ನಮ್ಮ ಮನೆಯೂ ಇಂಥದ್ದೇ. ಚೌಕಟ್ಟು, ಬೆಂಕಿಯ ಹಿಂದೆ ಕೂರಿಸಿದ್ದ ಫೈರ್‌ಬ್ಯಾಕ್ ಅನ್ನುವ ಶಾಖ ತಡೆಯುವ ಹಲಗೆ, ಬುಟ್ಟಿಗಟ್ಟಲೆ ಮಸಿ ಮತ್ತು ಕಲ್ಲುಮಣ್ಣು ಹೊರಗೆ ಹೋದ ಮೇಲೆ ಮೇಲ್ಗಡೆ ಇಟ್ಟಿಗೆ ಕಮಾನು ಕಂಡಿತು, ಅದರ ಹೊಟ್ಟೆಗೆ ಆನಿಸಿದಂತೆ ಬಾಗಿದ ಕಬ್ಬಿಣದ ಪಟ್ಟಿ. ಪಕ್ಕಗಳಲ್ಲಿ ಕೆರೆದರೆ ಗೊತ್ತಾಗುತ್ತದೆ: ಹಳೆಯ ಕಂಬದ ಸುಣ್ಣದ ಗಾರೆ ಉಗುರಿಗೂ ಉದುರುತ್ತದೆ, ಆಮೇಲೆ ತುಂಬಿದ್ದು ಬೂದು ಸಿಮೆಂಟು, ಎರಡರ ನಡುವೆ ನೆಟ್ಟಗೆ ಮೇಲಿಂದ ಕೆಳಗೆ ಒಂದು ಬಿರುಕಿನಂಥ ಗೆರೆ. ಆ ಗೆರೆಯವರೆಗೆ ತೆಗೆಯಬಹುದು. ಅಷ್ಟು ಜಾಗ ನಮ್ಮ 5 ಕಿಲೋವಾಟ್ ಸ್ಟೋವ್‌ಗೆ ಸಾಕಾಯಿತು. ಒಂದು ಎಚ್ಚರಿಕೆ: ಬಾಯಿಯನ್ನು ಬೂದು ಬಣ್ಣದ ಗಟ್ಟಿ ಹಲಗೆಯಿಂದ ಮುಚ್ಚಿದ್ದರೆ ಅದನ್ನು ಒಡೆಯಬೇಡಿ, ಆಸ್ಬೆಸ್ಟಾಸ್ ಇರಬಹುದು, ಚೂರು ಟೆಸ್ಟ್ ಮಾಡಿಸಿ. ಬ್ರಿಟನ್‌ನಲ್ಲಿ 1999ರವರೆಗೂ ಅದು ಪೂರ್ತಿ ನಿಷೇಧ ಆಗಿರಲಿಲ್ಲ.

ಗೆರೆ ದಾಟಿ ಕತ್ತರಿಸಲೇಬೇಕು ಅಂದರೆ ವಿಷಯವೇ ಬೇರೆ. ಬಾಯಿಯ ಎರಡು ಪಕ್ಕದ ಆ ಸಣ್ಣ ಕಂಬಗಳು ಮೇಲಿನ ಕೋಣೆಯ ಚಿಮಣಿ ಗೋಡೆಯನ್ನೂ, ಸೂರಿನ ಮೇಲೆ ನಿಂತಿರುವ ಇಟ್ಟಿಗೆ ರಾಶಿಯನ್ನೂ ಹೊತ್ತಿವೆ. ಕಂಬ ತೆಳುವಾದರೆ ಹೊಸ ಲಿಂಟಲ್ (ಬಾಯಿಯ ಮೇಲಿನ ಅಡ್ಡ ತೊಲೆ) ಕೂರಲು ಜಾಗ ಎಲ್ಲಿ? ಎರಡೂ ತುದಿಗೆ ಸಾಮಾನ್ಯವಾಗಿ 150 ಮಿಲಿಮೀಟರ್ ಆಸರೆ ಬೇಕು. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಬೇಕು, ಕಟ್ಟಡ ನಿಯಮ ನೋಡಿಕೊಳ್ಳುವ ಬಿಲ್ಡಿಂಗ್ ಕಂಟ್ರೋಲ್‌ಗೂ ತಿಳಿಸಬೇಕು. ಚಿಮಣಿ ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಯಲ್ಲಿದ್ದು, ಆ ಗೋಡೆಯನ್ನು ಕತ್ತರಿಸಬೇಕಾದರೆ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ನೆರೆಯವರಿಗೆ ನೋಟಿಸ್ ಕೊಡಬೇಕು. ಲಿಸ್ಟೆಡ್ ಮನೆ (ಪಾರಂಪರಿಕ ಕಟ್ಟಡ ಅಂತ ಸಂರಕ್ಷಿತ ಪಟ್ಟಿಯಲ್ಲಿರುವುದು) ಆಗಿದ್ದರೆ ಚೌಕಟ್ಟು ಕೀಳಲೂ ಮೊದಲೇ ಒಪ್ಪಿಗೆ ಬೇಕಾಗಬಹುದು, ಕೇಳಿಕೊಳ್ಳಿ.

ಮಹಡಿ ಕೋಣೆಯ ಫೈರ್‌ಪ್ಲೇಸ್ ಅಗಲ ಮಾಡುವ ಆಸೆ ಇದ್ದರೆ ಅದನ್ನಂತೂ ಬಿಟ್ಟುಬಿಡಿ. ಕೆಳಗಿನ ಹಾಲ್‌ನ ಹೊಗೆ ಕೊಳವೆ ಅದರ ಪಕ್ಕದಲ್ಲೇ ಓರೆಯಾಗಿ ಮೇಲೆ ಹೋಗುತ್ತದೆ. ನಡುವೆ ಇರುವುದು ಅರ್ಧ ಇಟ್ಟಿಗೆ ದಪ್ಪದ ಗೋಡೆ, ಅಷ್ಟೇ. ಅದು ತೂತಾದರೆ ಕೆಳಗೆ ಹಚ್ಚಿದ ಬೆಂಕಿಯ ಹೊಗೆ, ಕಾರ್ಬನ್ ಮಾನಾಕ್ಸೈಡ್ ಎಲ್ಲಾ ಮಲಗುವ ಕೋಣೆಗೆ.

ಸ್ಟೋವ್ ಬೇಡ, ತೆರೆದ ಬೆಂಕಿಯೇ ಚೆಂದ ಅಂತ ಮನಸ್ಸು ಬದಲಾಯಿಸಿದರೆ ಬಾಯಿ ದೊಡ್ಡದು ಮಾಡುವುದು ಇನ್ನೂ ಕಷ್ಟ. ಹೊಗೆ ಕೊಳವೆಯ ಒಳಗಿನ ವಿಸ್ತೀರ್ಣ ಬಾಯಿಯ ವಿಸ್ತೀರ್ಣದ ಸುಮಾರು 15 ಶೇಕಡಾ ಆದರೂ ಇರಬೇಕು. 9 ಇಂಚು ಚೌಕದ ಹಳೆಯ ಕೊಳವೆ ಅಂದರೆ ಸುಮಾರು 0.05 ಚದರ ಮೀಟರ್. ಬಾಯಿಯನ್ನು 80 ಸೆಂಟಿಮೀಟರ್ ಅಗಲ, 75 ಎತ್ತರ ಮಾಡಿದರೆ 0.6 ಚದರ ಮೀಟರ್ ಆಯಿತು, ಅಂದರೆ ಕೊಳವೆ 8-9 ಶೇಕಡಾ ಮಾತ್ರ. ಹೊಗೆ ಮನೆಯೊಳಗೇ ಬರುತ್ತದೆ. ಸ್ಟೋವ್‌ಗೆ ಈ ತಾಪತ್ರಯ ಇಲ್ಲ, ಅದರ ಹೊಗೆ ಚಿಮಣಿಯೊಳಗೆ ಇಳಿಬಿಟ್ಟ ಸ್ಟೀಲ್ ಲೈನರ್ ಕೊಳವೆಯಲ್ಲಿ ಹೋಗುತ್ತದೆ, ಸ್ಟೋವ್ ಸುತ್ತ ಎಷ್ಟು ಗಾಳಿ ಜಾಗ ಬೇಕು ಅನ್ನುವುದು ಅದರ ಕೈಪಿಡಿಯಲ್ಲಿರುತ್ತದೆ. ಇಂಥ ಹಳೆಯ ಮನೆಯಲ್ಲಿ ಸಾಮಾನ್ಯವಾಗಿ 5 ಕಿಲೋವಾಟ್ ದಾಟಿದರೆ ಹೊರಗಿನ ಗಾಳಿಗೆ ಗೋಡೆಯಲ್ಲಿ ವೆಂಟ್ ಕೊಡಬೇಕು. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ.

ಹಾಗಾಗಿ ಚಿಮಣಿ ಗುಡಿಸುವವರನ್ನು ಮೊದಲು ಕರೆಸಿ, ಆಮೇಲೆ ಬಿಚ್ಚಿಸಿ. ಸ್ಟೋವ್ ಕೂರಿಸಲು ಹೆಟಾಸ್ (ಸೌದೆ ಸ್ಟೋವ್ ಕೂರಿಸುವವರನ್ನು ನೋಂದಾಯಿಸುವ ಬ್ರಿಟನ್‌ನ ಸಂಸ್ಥೆ) ನೋಂದಣಿ ಇರುವವರನ್ನೇ ಹುಡುಕಿ, ಬಿಲ್ಡರ್ ಕೈಲಿ ಬೇಡ. ಸ್ಟೋವ್ ಇನ್ನೂ ಆರ್ಡರ್ ಮಾಡಿಲ್ಲ ಅಲ್ವಾ? ಕಮಾನು ಕಂಡ ಮೇಲೆ ಅಗಲ, ಎತ್ತರ, ಆಳ ಅಳೆದು ಇಲ್ಲೇ ಬರೆಯಿರಿ, ಎಷ್ಟು ದೊಡ್ಡದು ಹಿಡಿಸಬಹುದು ಅಂತ ನೋಡೋಣ.