ರೊಟ್ಟಿ ಕಮ್ಮಿ, ಸೊಪ್ಪು ಜಾಸ್ತಿ

ಅಕ್ಕಾ, ಯಜಮಾನರಿಗೆ ಸಕ್ಕರೆ ಕಾಯಿಲೆ, ಡಾಕ್ಟರ್ ರೊಟ್ಟಿ ಕಮ್ಮಿ ಮಾಡಿ ಅಂದಿದ್ದಾರೆ, ನೀವು ಆಫೀಸಿನಿಂದ ಮನೆ ಸೇರುವುದೇ ಏಳೂವರೆಗೆ, ಹಾಗಾಗಿ ಅರ್ಧ ಗಂಟೆಯಲ್ಲಿ ಆಗುವ ಚಿಕನ್ ಊಟ ಹೇಳಿ ಅಂತ ಬರೆದಿದ್ದೀರಿ. ಕಲಬುರಗಿಯಲ್ಲಿ ಕೂತು ರೊಟ್ಟಿ ಬಿಡಿ ಅನ್ನೋದು ಸುಲಭದ ಮಾತಲ್ಲ ಬಿಡಿ!

ಜೋಳ ತಿಂದರೆ ಸಕ್ಕರೆ ಏರಲ್ಲ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಆದರೆ ರಕ್ತದಲ್ಲಿ ಸಕ್ಕರೆ ಏರಿಸೋದು ಕಾರ್ಬೋಹೈಡ್ರೇಟ್, 100 ಗ್ರಾಂ ಜೋಳದ ಹಿಟ್ಟಿನಲ್ಲಿ ಅದು ಸುಮಾರು 70 ಗ್ರಾಂ ಇರುತ್ತದೆ, ಮೂರು ರೊಟ್ಟಿಯ ಲೆಕ್ಕ ನೀವೇ ಹಾಕಿ. ಚಿಕನ್‌ನಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆ. ಆದರೆ ಕಬಾಬಿನ ಕಾರ್ನ್‌ಫ್ಲೋರ್, ಗ್ರೇವಿಗೆ ಸುರಿಯೋ ರಾಶಿ ಉಳ್ಳಾಗಡ್ಡಿ, ಗೋಡಂಬಿ ಇವೆಲ್ಲ ಕಳ್ಳದಾರಿಯಲ್ಲಿ ಒಳಗೆ ಬರುತ್ತವೆ. ಅದಕ್ಕೇ ಗ್ರೇವಿ ಬಿಡಿ, ಸೊಪ್ಪೇ ಮಸಾಲೆ ಆಗಲಿ.

ಅರ್ಧ ಕೆಜಿ ಬೋನ್‌ಲೆಸ್ ತಗೊಳ್ಳಿ, ತೊಡೆಯದಾದರೆ ಒಣಗುವುದಿಲ್ಲ. ಸಣ್ಣ ತುಂಡು ಮಾಡಿ ಉಪ್ಪು, ಅರಿಶಿನ, ನಿಂಬೆರಸ ಹಚ್ಚಿಡಿ. ಅಷ್ಟರಲ್ಲಿ ಒಂದು ಕಟ್ಟು ಕೊತ್ತಂಬರಿ (ದಂಟನ್ನು ಎಸೀಬೇಡಿ, ಘಮ ಇರೋದೇ ಅಲ್ಲಿ), ಒಂದು ಹಿಡಿ ಪುದೀನ, ನಾಲ್ಕು ಹಸಿಮೆಣಸಿನಕಾಯಿ, ಶುಂಠಿ, ಬಳ್ಳೊಳ್ಳಿ, ಎರಡು ಚಮಚ ಗಟ್ಟಿ ಮೊಸರು ಹಾಕಿ, ನೀರಿಲ್ಲದೆ ರುಬ್ಬಿ. ಅಗಲ ಕಡಾಯಿಯಲ್ಲಿ ಶೇಂಗಾ ಎಣ್ಣೆ ಚೆನ್ನಾಗಿ ಕಾಯಲಿ. ತುಂಡುಗಳನ್ನು ಒಂದರ ಮೇಲೊಂದು ಗುಡ್ಡೆ ಹಾಕಿದರೆ ನೀರು ಬಿಟ್ಟು ಬೇಯುತ್ತವೆಯೇ ಹೊರತು ಕೆಂಪಗೆ ಹುರಿಯುವುದಿಲ್ಲ, ಎರಡು ಸಲ ಹುರಿದರೂ ಪರವಾಗಿಲ್ಲ. ಐದಾರು ನಿಮಿಷ ಹುರಿದ ಮೇಲೆ ಉರಿ ಸಣ್ಣ ಮಾಡಿ ರುಬ್ಬಿದ್ದನ್ನು ಹಾಕಿ. ದೊಡ್ಡ ಉರಿಯಲ್ಲಿ ಮೊಸರು ಒಡೆಯುತ್ತದೆ. ಏಳೆಂಟು ನಿಮಿಷ ಸಾಕು, ದಪ್ಪ ತುಂಡನ್ನು ಮುರಿದು ನೋಡಿ, ಒಳಗೆ ಗುಲಾಬಿ ಬಣ್ಣ ಇರಬಾರದು. ಕೊನೆಗೆ ಹೆಚ್ಚಿದ ಸಬ್ಬಸಿಗೆ ಒಂದು ಹಿಡಿ ಹಾಕಿ ಎರಡೇ ನಿಮಿಷಕ್ಕೆ ಇಳಿಸಿ. ಮೊದಲೇ ಹಾಕಿದರೆ ಘಮವೆಲ್ಲ ಹಬೆಯ ಜೊತೆ ಹೋಗುತ್ತದೆ. ಸಬ್ಬಸಿಗೆ ಚಿಕನ್‌ಗಾ ಅಂತ ಮೂಗು ಮುರೀಬೇಡಿ, ಖೀಮಾಕ್ಕೆ ಹಾಕೋದು ನೋಡಿದ್ದೀರಿ ಅಲ್ವಾ?

ಪಕ್ಕಕ್ಕೆ ಸವತೆಕಾಯಿ, ಮೂಲಂಗಿ ಪಚಡಿ ಇರಲಿ. ಒಂದು ರೊಟ್ಟಿನೂ ಇರಲಿ, ಪೂರ್ತಿ ಕಿತ್ತುಕೊಂಡರೆ ಅವರು ಹೊರಗೆ ಹೋಗಿ ತಿಂತಾರೆ. ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಮಾತ್ರೆ, ಇನ್ಸುಲಿನ್ ತಗೊಳ್ಳೋರು ರೊಟ್ಟಿ, ಅನ್ನ ಒಮ್ಮೆಲೇ ಬಿಟ್ಟರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಎಷ್ಟು ಕಮ್ಮಿ ಮಾಡಬೇಕು ಅಂತ ಡಾಕ್ಟರನ್ನೇ ಕೇಳಿ.

ಪುಂಡಿ ಪಲ್ಯ (ಗೋಂಗುರ ಅಂತಾರಲ್ಲ, ಆ ಹುಳಿ ಸೊಪ್ಪು) ಹಾಕಬಹುದಾ ಅಂತಲೂ ಕೇಳಿದ್ದೀರಿ. ಧಾರಾಳವಾಗಿ! ಆಗ ನಿಂಬೆ, ಮೊಸರು ಎರಡೂ ಬೇಡ, ಅದರದೇ ಹುಳಿ ಸಾಕು. ಪುಂಡಿ ಪಲ್ಯಕ್ಕೆ ಹಾಕೋ ಜೋಳದ ನುಚ್ಚು ಮಾತ್ರ ಅಭ್ಯಾಸಬಲದಿಂದ ಹಾಕಿಬಿಡಬೇಡಿ.